ಕೀಲಿ ಕೊಟ್ಟ ಕಂಪನಿ

ಕಳೆದ ಗುರುವಾರ ಸಂಜೆ ನನ್ನ ಮೊಮ್ಮಗಳು ಶಾಲೆಯಿಂದ ಬಂದವಳೇ, ಕಾಲಿನ ಬೂಟುಗಳನ್ನೂ ಕಳಚದೆ, ನಡುಮನೆಯಲ್ಲಿ ವೃತ್ತಪತ್ರಿಕೆಯ ಮರೆಯಲ್ಲಿ ತೂಕಡಿಸುತ್ತಿದ್ದ ನನ್ನೆದುರಿಗೆ ನಿಂತು, ನ್ಯಾಯಾಲಯದಲ್ಲಿ ದಸ್ತಾವೇಜು ಹಾಜರುಪಡಿಸುವ ವಕೀಲರ ಗಾಂಭೀರ್ಯದಿಂದ ತನ್ನ ಇಂಗ್ಲಿಷ್ ನೋಟುಪುಸ್ತಕವನ್ನು ಬಿಡಿಸಿ ನನ್ನ ಮಡಿಲಲ್ಲಿಟ್ಟು, “ತಾತ, ನಿಮ್ಮಿಂದ ನನಗೆ ಅರ್ಧ ಮಾರ್ಕು ಹೋಯಿತು” ಎಂದಳು. ಕನ್ನಡಕವನ್ನು ಹುಡುಕಿ ಧರಿಸಿ ನೋಡಿದೆ. ‘ಕೊನೆಗಾಣಿಸು’ ಎಂಬ ಅರ್ಥಚ್ಛಾಯೆಯುಳ್ಳ ಹತ್ತು ಇಂಗ್ಲಿಷ್ ಪ್ರಯೋಗಗಳನ್ನು ಕೊಟ್ಟು ಒಂದೊಂದಕ್ಕೂ ಕನ್ನಡದಲ್ಲಿ ಅರ್ಥ ಬರೆಯುವಂತೆ ಹೇಳಿದ್ದರು. (ಇಂಗ್ಲಿಷಿಗೆ ಕನ್ನಡದಲ್ಲಿ ಅರ್ಥ ಬರೆಸುವ ಉಪಾಧ್ಯಾಯಿನಿಯೊಬ್ಬರು ಈ ಊರಿನಲ್ಲಿ ಇನ್ನೂ ಉಳಿದಿದ್ದಾರೆಂಬುದು ಆ ಕ್ಷಣದಲ್ಲಿಯೂ ನನಗೆ ಸಂತೋಷವನ್ನೇ ಕೊಟ್ಟಿತು.) ಕಾಲ್ ಆಫ್, ಬ್ರೇಕ್ ಆಫ್, ಫೇಸ್ ಔಟ್, ರ‍್ಯಾಪ್ ಅಪ್ ಮೊದಲಾದವುಗಳಿಗೆಲ್ಲ ಅವಳು ತಾನೇ ಯಥೋಚಿತವಾಗಿ ಬರೆದಿದ್ದಳು. ಏಳನೆಯದಾದ ವೈಂಡ್ ಅಪ್ ಎಂಬಲ್ಲಿ ಮಾತ್ರ ಶಂಕೆ ಹುಟ್ಟಿ ಹಿಂದಿನ ರಾತ್ರಿ ನನ್ನನ್ನು ಕೇಳಿದಳಂತೆ. ನಾನು ತಲೆಯೆತ್ತದೆಯೇ “ಕೀಲಿ ಕೊಡು” ಎಂದೆನಂತೆ. ಆ ಎರಡು ಪದಗಳನ್ನು ಈಗ ಕೆಂಪು ಶಾಯಿಯ ಗೆರೆಯೊಂದು ಓರೆಯಾಗಿ ಸೀಳಿತ್ತು.

ಅರ್ಧ ಅಂಕದ ನಷ್ಟವೇನು ಮಹಾ ಎಂದು ಸಮಾಧಾನ ಹೇಳಬಹುದಾಗಿತ್ತು. ಆದರೆ ನನ್ನ ನಾಲಗೆ ಏಳಲಿಲ್ಲ. ಏಕೆಂದರೆ ಅದೇ ಪದಕ್ಕೆ ಅದೇ ಅರ್ಥವನ್ನು ಹೇಳಿ, ಅರವತ್ತು ಚಿಲ್ಲರೆ ವರ್ಷಗಳ ಹಿಂದೆ ನಾನು ಇದಕ್ಕಿಂತ ಹೆಚ್ಚಿನ ನಷ್ಟವನ್ನು ಇದಕ್ಕಿಂತ ಹೆಚ್ಚಿನ ಆತ್ಮವಿಶ್ವಾಸದಿಂದ ಉಂಟುಮಾಡಿದ್ದೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಯಾವುದನ್ನೂ ನೇರವಾಗಿ ಮುಗಿಸಲಾರದಿರುವುದು ನನ್ನ ಜಾತಕದಲ್ಲಿಯೇ ಬರೆದಿರಬೇಕು. ಬಂದ ನೆಂಟರನ್ನು ಬೀಳ್ಕೊಡುವಾಗ ನಡುಮನೆಯಲ್ಲೊಮ್ಮೆ, ಹೊಸ್ತಿಲಿನಲ್ಲೊಮ್ಮೆ, ಗೇಟಿನ ಬಳಿಯಲ್ಲೊಮ್ಮೆ ಮಾತು ತೆಗೆದು, ಅವರ ಬಸ್ಸು ತಪ್ಪಿದ ಮೇಲೆ ಪುನಃ ಒಳಗೆ ಕರೆದುಕೊಂಡು ಬಂದು ಕಾಫಿ ಕೊಡುವವನು ನಾನು.

ಮುಗಿಸುವುದಕ್ಕೆ ಇಂಗ್ಲಿಷಿನವರು ಇಟ್ಟುಕೊಂಡಿರುವ ಮಾತುಗಳ ಭಂಡಾರವನ್ನು ನೋಡಿದರೆ, ಆ ಜನ ಆರಂಭಿಸುವುದಕ್ಕಿಂತ ನಿಲ್ಲಿಸುವುದಕ್ಕೇ ಹೆಚ್ಚು ಶ್ರಮಪಟ್ಟಿರಬೇಕೆಂದು ತೋರುತ್ತದೆ. ಎಂಡ್, ಫಿನಿಷ್, ಕ್ಲೋಸ್, ಸ್ಟಾಪ್, ಸೀಸ್, ಕಂಪ್ಲೀಟ್, ಕನ್‌ಕ್ಲೂಡ್, ಟರ್ಮಿನೇಟ್ ಎಂಬ ಶಿಷ್ಟ ಪದಗಳು ಕೋಟು ತೊಟ್ಟ ಅಧಿಕಾರಿಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಅವುಗಳೊಡನೆ ನನಗೆ ಎಂದೂ ಜಗಳವಿಲ್ಲ. ಟರ್ಮಿನೇಟ್ ಎಂಬುದರ ಹಿಂದೆ ರೋಮನರ ಟರ್ಮಿನಸ್ ಎಂಬ ಎಲ್ಲೆಗಲ್ಲಿನ ದೇವತೆ ಇದ್ದಾನೆಂದೂ, ಫೆಬ್ರವರಿ 23ರಂದು ಅಕ್ಕಪಕ್ಕದ ಹೊಲದವರು ಗಡಿಗಲ್ಲಿಗೆ ಹೂಮಾಲೆ ಹಾಕಿ ಅವನನ್ನು ಪೂಜಿಸುತ್ತಿದ್ದರೆಂದೂ ಓದಿದಾಗ, ನಮ್ಮ ಹೊಲಗಳ ಅಂಚಿನ ಲಿಂಗಮುದ್ರೆಯ ಕಲ್ಲುಗಳನ್ನು ನೆನೆದು ಅವನನ್ನು ದೂರದ ಬಂಧುವೆಂದೇ ಭಾವಿಸಿದೆ. ನನ್ನನ್ನು ಕಾಡಿದವು ಬಾಲವುಳ್ಳ ಕ್ರಿಯಾಪದಗಳು. ಹಿಂದೆ ಅಪ್ ಎಂದೋ ಆಫ್ ಎಂದೋ ಔಟ್ ಎಂದೋ ಡೌನ್ ಎಂದೋ ಒಂದು ಪುಟ್ಟ ಬಾಲ; ಆ ಬಾಲ ಅಲ್ಲಾಡಿದರೆ ಇಡೀ ಪ್ರಾಣಿಯ ಜಾತಿಯೇ ಬದಲಾಗುತ್ತದೆ. ಬ್ರೇಕ್ ಎಂದರೆ ಮುರಿ, ಸರಿ. ಬ್ರೇಕ್ ಆಫ್ ಎಂದರೆ ನಿಶ್ಚಿತಾರ್ಥ ಮುರಿಯುತ್ತದೆ, ಬ್ರೇಕ್ ಅಪ್ ಎಂದರೆ ಸಭೆ ಚದುರುತ್ತದೆ, ಬ್ರೇಕ್ ಡೌನ್ ಎಂದರೆ ಬಸ್ಸು ನಿಲ್ಲುತ್ತದೆ, ಬ್ರೇಕ್ ಔಟ್ ಎಂದರೆ ಮುಗಿಯುವುದಿರಲಿ, ಪ್ಲೇಗು ಪ್ರಾರಂಭವಾಗುತ್ತದೆ!

ತಿಪಟೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಈ ಬಾಲಗಳ ಪಟ್ಟಿಯನ್ನು ಮಗ್ಗಿಯಂತೆ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಊಟ ಮುಗಿದರೂ ಅಪ್, ದುಡ್ಡು ಮುಗಿದರೂ ಅಪ್, ಅಂಗಡಿ ಮುಚ್ಚಿದರೂ ಅಪ್, ಅಪ್ ಎಂದರೆ ಮೇಲೆ ಅಲ್ಲವೇ?” ಎಂದು ಕೇಳಿದ. ಮೇಷ್ಟ್ರು ಸ್ವಲ್ಪ ಹೊತ್ತು ಕಿಟಕಿಯ ಆಚೆಗೆ ನೋಡಿ, “ನಿಮ್ಮ ತಾತ ಎಲ್ಲಿದ್ದಾರೋ?” ಎಂದರು. “ಮೇಲೆ ಹೋದರು ಸಾರ್” ಎಂದ ಹುಡುಗ. “ಹಾಗೇ ತಿಳಿದುಕೋ” ಎಂದು ಮೇಷ್ಟ್ರು ಮುಂದಿನ ಪದಕ್ಕೆ ಹೋದರು. ಆಮೇಲೆ ನಾನು ಓದಿದ ಯಾವ ವ್ಯಾಕರಣಗ್ರಂಥದಲ್ಲಿಯೂ ಅಪ್ ಎಂಬ ಅವ್ಯಯಕ್ಕೆ ಇದಕ್ಕಿಂತ ಸಮರ್ಪಕವಾದ ವಿವರಣೆ ದೊರೆಯಲಿಲ್ಲ.

ಇಷ್ಟಾದರೂ ಬಾಲ ನನ್ನ ಕೈಗೆ ಸಿಕ್ಕಲಿಲ್ಲ ಎಂಬುದಕ್ಕೆ ಒಂದು ಸರ್ಕಾರಿ ಕಡತವೇ ಸಾಕ್ಷಿ. ನಾನು ಕೆಲಸಕ್ಕೆ ಸೇರಿದ ಹೊಸತು. ಲೆಕ್ಕ ತಪಾಸಣೆಗೆಂದು ಬಂದಿದ್ದ ನಾಲ್ವರ ತಂಡ ಎರಡು ವಾರ ನಮ್ಮ ಕಛೇರಿಯ ಹಳೆಯ ವೋಚರುಗಳನ್ನೆಲ್ಲ ಜಾಲಾಡಿ ಒಂದು ದಿನ ಅಪರಾಹ್ನ ಹೊರಟುಹೋಯಿತು. ತಪಾಸಣೆ ಮುಗಿದ ವಿಷಯವನ್ನು ಮೇಲಧಿಕಾರಿಗಳಿಗೆ ತಿಳಿಸುವ ಟಿಪ್ಪಣಿಯನ್ನು ನನಗೆ ವಹಿಸಿದರು. ಬರೀ ಫಿನಿಷ್ಡ್ ಎಂದು ಬರೆದರೆ ಪ್ರಾಥಮಿಕ ಶಾಲೆಯ ಇಂಗ್ಲಿಷಾದೀತೆಂದು ಬಗೆದು, ಭಾಷೆಗೆ ಕಿಂಚಿತ್ ಪ್ರೌಢಿಮೆ ತರುವ ಉದ್ದೇಶದಿಂದ ಅದಕ್ಕೆ ಆಫ್ ಎಂಬ ಬಾಲವನ್ನು ಜೋಡಿಸಿ, ಆಡಿಟ್ ತಂಡವನ್ನು ಈ ದಿನ ನಾಲ್ಕು ಗಂಟೆಗೆ ಫಿನಿಷ್ ಆಫ್ ಮಾಡಲಾಯಿತೆಂದು ವರದಿಯೊಪ್ಪಿಸಿದೆ. ಅಧಿಕಾರಿಗಳು ನನ್ನನ್ನು ಒಳಕ್ಕೆ ಕರೆಸಿದರು. ಟಿಪ್ಪಣಿಯನ್ನು ಮತ್ತೊಮ್ಮೆ ಸಾವಧಾನವಾಗಿ ಓದಿದರು. ಅನಂತರ, ಮುಖದ ಒಂದು ಗೆರೆಯೂ ಕದಲದಂತೆ, “ಹೆಣಗಳನ್ನು ಎಲ್ಲಿಟ್ಟಿದ್ದೀರಿ?” ಎಂದು ಕೇಳಿದರು.

ಈ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟವರು ಡಾಕ್ಟರ್ ಜಾನ್ಸನ್ನರು. 1755ರಲ್ಲಿ ತಮ್ಮ ಮಹಾನಿಘಂಟುವನ್ನು ಹೊರತಂದಾಗ, ಕ್ರಿಯಾಪದದ ಹಿಂದೆ ಅವ್ಯಯವೊಂದನ್ನು ಅಂಟಿಸಿ ಅರ್ಥವನ್ನು ಮಾರ್ಪಡಿಸುವ ಈ ಪದ್ಧತಿ ತಮ್ಮ ಭಾಷೆಯಲ್ಲಿ ವಿಪುಲವಾಗಿದೆಯೆಂದೂ, ಅನ್ಯದೇಶೀಯರಿಗೆ ಅತ್ಯಧಿಕ ಕ್ಲೇಶವನ್ನು ಕೊಡುವುದು ಇದೇ ಎಂದೂ ಆ ಮಹನೀಯರು ಪೀಠಿಕೆಯಲ್ಲಿಯೇ ಒಪ್ಪಿಕೊಂಡುಬಿಟ್ಟಿದ್ದಾರೆ. ಅಲ್ಲಿ ಕೊಟ್ಟ ಉದಾಹರಣೆಗಳಲ್ಲಿ ಬ್ರೇಕ್ ಆಫ್, ಗಿವ್ ಓವರ್ ಎಂಬ ಎರಡು ನಿಲ್ಲಿಸುವುದಕ್ಕೇ ಸಂಬಂಧಪಟ್ಟವು. ಇವುಗಳಿಗೆ ಫ್ರೇಸಲ್ ವರ್ಬ್ ಎಂದು ನಾಮಕರಣ ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರ್ಯಾಡ್ಲಿ ಎಂದು ಲೋಗನ್ ಪಿಯರ್ಸಲ್ ಸ್ಮಿತ್ 1925ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಎಂಡ್ ಎಂಬ ಪದ ಬರುವ ಇ ಅಕ್ಷರವನ್ನು ಆ ನಿಘಂಟಿಗೆ ಸಂಪಾದಿಸಿಕೊಟ್ಟವರೂ ಈ ಬ್ರ್ಯಾಡ್ಲಿಯವರೇ. ಎಂಡ್ ಎಂಬುದಕ್ಕೆ ಅಷ್ಟು ಅರ್ಥಗಳನ್ನು ಕಂಡ ಅವರು ನಿಘಂಟಿನ ಎಂಡನ್ನು ಕಾಣಲಿಲ್ಲ, 1923ರಲ್ಲಿ ತೀರಿಕೊಂಡರು. ಪ್ರಧಾನ ಸಂಪಾದಕರಾದ ಮರ‍್ರೆಯವರು ಅದಕ್ಕೂ ಮೊದಲೇ, 1915ರಲ್ಲಿ, ಟಿ ಅಕ್ಷರದ ನಡುವೆ ಲೇಖನಿಯನ್ನಿಟ್ಟು ಹೋಗಿದ್ದರು. ನಿಘಂಟು ಮುಗಿದದ್ದು 1928ರಲ್ಲಿ. ಮುಗಿಸಲಾರದವರ ಪಂಕ್ತಿಯಲ್ಲಿ ನಾನು ಒಬ್ಬಂಟಿಗನಲ್ಲವೆಂದು ಇದರಿಂದ ನನಗೆ ಆಗಾಗ ಹಿತವೆನಿಸುವುದುಂಟು.

ಇನ್ನು ಆ ಕಥೆ. ನಾವು ಅಣ್ಣ ಎಂದು ಕರೆಯುತ್ತಿದ್ದ ನನ್ನ ತಂದೆ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಕಿರ್ದಿ ಪುಸ್ತಕದ ಪುಟದ ನೆತ್ತಿಯಲ್ಲಿ ‘ಶ್ರೀ’ ಬರೆದು ದಿನವನ್ನು ಆರಂಭಿಸಿ, ಸಂಜೆ ಎರಡು ಗೆರೆಗಳನ್ನೆಳೆದು ‘ಚುಕ್ತಾ’ ಎಂದು ಬರೆದು ಮರಳು ಉದುರಿಸಿ ಶಾಯಿ ಒಣಗಿಸಿ ಮುಚ್ಚಿದರೆಂದರೆ ಅವರ ಪಾಲಿಗೆ ಆ ದಿನ ನಿಶ್ಶೇಷವಾಗಿ ಮುಗಿಯುತ್ತಿತ್ತು. (ಇಂಗ್ಲಿಷಿನವರ ಪುಟ್ ಪೇಯ್ಡ್ ಟು ಎಂಬ ಪ್ರಯೋಗವೂ ಲೆಕ್ಕದ ಕೊನೆಗೆ ‘ಸಂದಾಯವಾಯಿತು’ ಎಂದು ಬರೆಯುವುದರಿಂದಲೇ ಬಂದುದು, ಗುಮಾಸ್ತರ ಕುಲ ಎಲ್ಲೆಡೆಯೂ ಒಂದೇ.) ಇಷ್ಟು ಜಾಗರೂಕರಾದ ಮನುಷ್ಯರು ಜೀವಮಾನದಲ್ಲಿ ಒಮ್ಮೆ ಮಾತ್ರ ದುಸ್ಸಾಹಸಕ್ಕೆ ಕೈಯಿಕ್ಕಿ, ಪಕ್ಕದ ಜಿಲ್ಲೆಯ ಎಣ್ಣೆ ಗಿರಣಿಯ ಕಂಪನಿಯೊಂದರಲ್ಲಿ ಹತ್ತು ರೂಪಾಯಿಯ ಹತ್ತು ಷೇರುಗಳನ್ನು ಕೊಂಡಿದ್ದರು. ಅವರ ತಿಂಗಳ ಸಂಬಳ ಎಂಬತ್ತು.

1961ರ ಮಳೆಗಾಲದಲ್ಲಿ ಕಂಪನಿಯಿಂದ ಒಂದು ಕಾಗದ ಬಂತು. ಮನೆಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಹೈಸ್ಕೂಲಿನ ಎರಡನೆಯ ವರ್ಷದಲ್ಲಿದ್ದ ನಾನೊಬ್ಬನೇ. ಕಾಗದದ ಮಧ್ಯದಲ್ಲಿ, ಕಂಪನಿಯು ವೌಂಡ್ ಅಪ್ ಆಗುತ್ತಿದೆಯೆಂಬ ವಾಕ್ಯವಿತ್ತು. ಅದೇ ಅಕ್ಷರಗಳನ್ನು ವೂಂಡ್ ಎಂದು ಓದಿದರೆ ಗಾಯ ಎಂದರ್ಥವಾಗುವುದು ನನಗೆ ತಿಳಿದಿತ್ತು. ಮೊದಲು ಕಂಪನಿಗೆ ಎಲ್ಲಿಯೋ ಪೆಟ್ಟಾಗಿದೆಯೆಂದೇ ಎಣಿಸಿದೆ. ಆ ಮೊದಲ ಎಣಿಕೆಯಲ್ಲಿಯೇ ನಿಂತಿದ್ದರೆ ಸತ್ಯದ ಸಮೀಪದಲ್ಲಿರುತ್ತಿದ್ದೆ. ಆದರೆ ಗಾಯದ ಹಿಂದೆ ಅಪ್ ಏಕೆ? ಪಕ್ಕದಲ್ಲಿ ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ವೈಂಡ್, ವೌಂಡ್, ವೌಂಡ್ ಎಂದು ಮೇಷ್ಟ್ರು ಹೇಳಿಕೊಟ್ಟದ್ದು ಸ್ಫುರಿಸಿತು. ವೈಂಡ್ ಅಪ್ ದಿ ಕ್ಲಾಕ್ ಎಂಬ ಪಾಠದ ವಾಕ್ಯ ಕಣ್ಣಿಗೆ ಕಟ್ಟಿತು. ವಿದ್ಯೆಯ ಬಲದಿಂದ ಒಂದು ರಹಸ್ಯವನ್ನು ಭೇದಿಸಿದವನ ಹೆಮ್ಮೆಯಿಂದ, “ಕಂಪನಿಗೆ ಕೀಲಿ ಕೊಟ್ಟಿದ್ದಾರಂತೆ ಅಣ್ಣ, ಇನ್ನು ಮೇಲೆ ಜೋರಾಗಿ ನಡೆಯುತ್ತದೆ” ಎಂದೆ.

ಅಮ್ಮ ಆ ದಿನ ಸಜ್ಜಿಗೆ ಮಾಡಿದಳು. ಅಣ್ಣ ಮಂಡಿಯಲ್ಲಿ ನಾಲ್ಕು ಜನಕ್ಕೆ ಹೇಳಿದರು. ಒಬ್ಬಿಬ್ಬರಿಗೆ, ಅವರೂ ಹತ್ತು ಷೇರು ಕೊಳ್ಳುವುದಾದರೆ ಇದೇ ಸುಸಂಧಿ ಎಂಬ ಸಲಹೆಯನ್ನೂ ಕೊಟ್ಟರಂತೆ. ಮೂರನೆಯ ದಿನ, ಮೊಕದ್ದಮೆಯ ಕೆಲಸಕ್ಕಾಗಿ ಮಂಡಿಗೆ ಬಂದಿದ್ದ ವಕೀಲರೊಬ್ಬರ ಕೈಗೆ ಆ ಕಾಗದ ಹೋಯಿತು. ಅಂದು ರಾತ್ರಿ ಅಣ್ಣ ತಡವಾಗಿ ಮನೆಗೆ ಬಂದು, ಕಾಲು ತೊಳೆದು, ಮಣೆಯ ಮೇಲೆ ಕುಳಿತು, ತಟ್ಟೆಯನ್ನು ನೋಡುತ್ತ, “ಕೀಲಿ ಜಾಸ್ತಿ ಕೊಟ್ಟುಬಿಟ್ಟರಂತೆ ಕಣೋ. ಸ್ಪ್ರಿಂಗು ತುಂಡಾಯಿತಂತೆ” ಎಂದರು. ಮತ್ತೇನೂ ಹೇಳಲಿಲ್ಲ. ನನಗೆ ಬೆತ್ತದ ಏಟೇ ಬಿದ್ದಿದ್ದರೆ ಇಷ್ಟು ಕಾಲ ನೆನಪಿರುತ್ತಿರಲಿಲ್ಲ.

ಕೆಲವು ತಿಂಗಳ ಮೇಲೆ ಲಿಕ್ವಿಡೇಟರೆಂಬ ಅಧಿಕಾರಿಯಿಂದ ಇನ್ನೊಂದು ಕಾಗದ ಬಂತು. ಈ ಸಲ ನಾನು ಸೊಲ್ಲೆತ್ತಲಿಲ್ಲ. ಅಣ್ಣನೇ ನನ್ನನ್ನು ಬಲವಂತಪಡಿಸಿ, ಲಿಕ್ವಿಡ್ ಎಂದರೇನೆಂದು ಕೇಳಿದರು. ನೀರಿನಂಥದ್ದು ಎಂದೆ. “ಸರಿ, ಹಾಗಾದರೆ ಗಣಪತಿಗೆ ಮಾಡಿದಂತೆ ವಿಸರ್ಜನೆ” ಎಂದರು. ಆಮೇಲೆ ನಾನು 1956ರ ಕಂಪನಿ ಕಾಯಿದೆಯನ್ನು ಕಛೇರಿಯ ಅಗತ್ಯಕ್ಕಾಗಿ ತಿರುವಿಹಾಕಿದ್ದೇನೆ. ಅದರಲ್ಲಿ ವೈಂಡಿಂಗ್ ಅಪ್ ಎಂಬುದಕ್ಕೇ ಒಂದು ದೀರ್ಘವಾದ ಭಾಗವಿದೆ. ಅದನ್ನೆಲ್ಲ ಓದಿದ ಮೇಲೂ ಅಣ್ಣನ ಭಾಷಾಂತರವೇ ಉತ್ತಮವೆಂದು ನನ್ನ ಅಭಿಪ್ರಾಯ. ಮೂರ್ತಿ ನೀರಿನಲ್ಲಿ ಕರಗಿದ ಮೇಲೆ ಕೆಸರಿನಲ್ಲಿ ಕೈಯಾಡಿಸಿ ಉಳಿದ ಚಿಲ್ಲರೆ ಕಾಸನ್ನು ಸಾಲ ಕೊಟ್ಟವರಿಗೆ ಮೊದಲು, ಷೇರುದಾರರಿಗೆ ಕಟ್ಟಕಡೆಗೆ ಹಂಚುವುದೇ ಆ ಅಧಿಕಾರಿಯ ಉದ್ಯೋಗ. ನಮ್ಮ ಪಾಲಿಗೆ ಆರು ವರ್ಷದ ಮೇಲೆ ಹನ್ನೊಂದು ರೂಪಾಯಿಯ ಮನಿಯಾರ್ಡರು ಬಂತು. ರಾಜ್ಯಪಾಲರು ವಿಧಾನಸಭೆಯನ್ನು ಕೊನೆಗಾಣಿಸುವುದಕ್ಕೂ ನಮ್ಮಲ್ಲಿ ವಿಸರ್ಜನೆಯೆಂದೇ ಹೆಸರಿರುವುದನ್ನು ಪತ್ರಿಕೆಯಲ್ಲಿ ಕಂಡಾಗಲೆಲ್ಲ, ಮುಳುಗಿಸುವ ಮುನ್ನ ಮಂಗಳಾರತಿಯಾದರೂ ಆಯಿತೋ ಇಲ್ಲವೋ ಎಂಬ ಚಿಂತೆ ನನಗೆ.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ, ಗಡಿಯಾರದ ಬಾಗಿಲು ತೆರೆದು ಒಳಗಿನ ಮೊಳೆಗೆ ತಗುಲಿಸಿದ್ದ ಹಿತ್ತಾಳೆಯ ಕೀಲಿಯನ್ನು ಕೈಗೆ ತೆಗೆದುಕೊಂಡಾಗ, ಅಣ್ಣ ನನ್ನ ಕಡೆ ತಿರುಗಿ ಗಂಭೀರವಾಗಿ, “ಏನಪ್ಪ, ಗಡಿಯಾರವನ್ನು ಮುಚ್ಚಿಬಿಡಲೇ?” ಎಂದು ಅಪ್ಪಣೆ ಕೇಳುತ್ತಿದ್ದರು. ನಾನು ಬಿ.ಎ. ಆದ ಮೇಲೂ ಕೇಳಿದರು. ನನ್ನ ಮದುವೆಯಾದ ಮೊದಲ ಭಾನುವಾರ, ಹೊಸ ಸೊಸೆಯ ಎದುರಿಗೂ ಕೇಳಿದರು.

ಇದರಲ್ಲಿ ಇಂಗ್ಲಿಷನ್ನೇ ದೂಷಿಸುವುದು ನ್ಯಾಯವಲ್ಲ. ನಾನು ಆರೇಳು ವರ್ಷದವನಿದ್ದಾಗ, ಒಂದು ರಾತ್ರಿ ಮಲಗುವ ಹೊತ್ತಿನಲ್ಲಿ ನಮ್ಮಜ್ಜಿ ನಡುಮನೆಯಿಂದ, “ಲಾಂದ್ರ ದೊಡ್ಡದು ಮಾಡೋ ಮಗು” ಎಂದಳು. ವಿಧೇಯನಾದ ನಾನು ತಿರುಪನ್ನು ತಿರುಗಿಸಿ ಬತ್ತಿಯನ್ನು ಸಾಧ್ಯವಾದಷ್ಟು ಮೇಲಕ್ಕೇರಿಸಿದೆ. ಜ್ವಾಲೆ ಭುಗಿಲೆದ್ದು, ಗಾಜಿನ ಬುರುಡೆ ಕಪ್ಪಿಟ್ಟು ಚಿಟಿಲೆಂದು ಸೀಳಿತು. ದೀಪವನ್ನು ಆರಿಸು, ನಂದಿಸು ಎಂದು ಬಾಯಲ್ಲಿ ಅನ್ನಬಾರದೆಂದೂ, ದೊಡ್ಡದು ಮಾಡು ಎಂದರೆ ಆರಿಸು ಎಂದರ್ಥವೆಂದೂ ನನಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅಜ್ಜಿಯ ಭಾಷೆಯಲ್ಲಿ ಯಾವುದೂ ಮುಗಿಯುತ್ತಲೇ ಇರಲಿಲ್ಲ. ಡಬ್ಬದಲ್ಲಿ ಅಕ್ಕಿ ಮುಗಿದರೆ ತುಂಬಿದೆ ಎನ್ನಬೇಕು. ಹೊರಟವರು ಹೋಗುತ್ತೇನೆ ಎನ್ನಕೂಡದು, ಬರುತ್ತೇನೆ ಎನ್ನಬೇಕು. ಕೊನೆಗೊಳಿಸುವುದನ್ನು ಹೆಚ್ಚಿಸುವ ಮಾತಿನಲ್ಲಿ ಹೇಳುವ ಮರ್ಯಾದೆ ಅದು. ಹಾಗೆ ನೋಡಿದರೆ ಆ ಎಣ್ಣೆಯ ಕಂಪನಿಯವರೂ ಅಜ್ಜಿಯಂತೆಯೇ, ನಂದಿದ್ದನ್ನು ಮೇಲಕ್ಕೇರಿಸಿ ಬರೆದಿದ್ದರು. ನಾನು ಲಾಂದ್ರದ ಬತ್ತಿಯನ್ನು ಏರಿಸಿದಂತೆಯೇ ಅದನ್ನೂ ಓದಿದ್ದೆ.

ಬಾಲಗಳಾದರೂ ನಮ್ಮಲ್ಲಿ ಕಡಮೆಯೇ? ಮಾಡಿದ ಎಂದರೆ ಮಾಡಿದ. ಮಾಡಿಬಿಟ್ಟ ಎಂದರೆ ಇನ್ನು ಹಿಂದಕ್ಕೆ ಪಡೆಯುವ ಹಾಗಿಲ್ಲ. ಮಾಡಿಹಾಕಿದ ಎಂದರೆ ಮಾಡಿದವನ ಮೇಲೆ ನಮಗೆ ಪ್ರೀತಿಯಿಲ್ಲ. ಮಾಡಿಯೇ ತೀರುತ್ತಾನೆ ಎಂದರೆ ನಾವು ದೂರ ನಿಲ್ಲುವುದು ಲೇಸು. ಈ ತೀರು ಎಂಬ ಧಾತುವನ್ನು ಪರದೇಶದವನಿಗೆ ಬೋಧಿಸುವ ಪ್ರಸಂಗ ಬಂದರೆ ಜಾನ್ಸನ್ನರಿಗೂ ಬೆವರಿಳಿಯುತ್ತಿತ್ತು: ಸಾಲ ತೀರಿದರೆ ಹರ್ಷ, ಬಾಯಾರಿಕೆ ತೀರಿದರೆ ತೃಪ್ತಿ, ವ್ಯಾಜ್ಯ ತೀರಿದರೆ ತೀರ್ಪು, ಮನುಷ್ಯ ತೀರಿಕೊಂಡರೆ ಸೂತಕ. 1894ರಲ್ಲಿ ಮಂಗಳೂರಿನಲ್ಲಿ ತನ್ನ ಕನ್ನಡ ನಿಘಂಟುವನ್ನು ಅಚ್ಚುಮಾಡಿಸಿದ ಕಿಟ್ಟೆಲ್ ಪಾದ್ರಿಯ ಸಹನೆಯನ್ನು ನಾನು ಮೆಚ್ಚುವುದು ಇಂತಹ ಸ್ಥಳಗಳಲ್ಲಿಯೇ. ಆದರೆ ಇವೆಲ್ಲಕ್ಕಿಂತ ನನಗೆ ಪ್ರಿಯವಾದದ್ದು ಮುಗಿ ಎಂಬ ಮಾತು. ಸಂಜೆ ತಾವರೆಯ ಎಸಳುಗಳು ಒಂದನ್ನೊಂದು ಕೂಡಿಕೊಂಡರೆ ಅದು ಮುಗಿಯಿತು. ಎರಡು ಅಂಗೈಗಳು ಹಾಗೆಯೇ ಕೂಡಿಕೊಂಡರೆ ಕೈಮುಗಿದದ್ದಾಯಿತು. ಕೆಲಸ ಕೊನೆಗೊಂಡರೂ ಅದೇ ಪದ. ಮುಗುಳು ಎಂಬುದೂ ಅದರ ಒಡಹುಟ್ಟಿದುದೇ. ಅದು ಇನ್ನೂ ಅರಳದ ಮೊಗ್ಗು. ಅರಳಿ ಮುಗಿದದ್ದೂ ನೋಡುವುದಕ್ಕೆ ಅದರಂತೆಯೇ.

ನನ್ನ ಹೆಂಡತಿ ಮಾತ್ರ ಇಂತಹ ಸೂಕ್ಷ್ಮಗಳನ್ನು ಲೆಕ್ಕಿಸುವವಳಲ್ಲ. ಟೆಲಿಫೋನನ್ನು ಕೊಕ್ಕೆಗೆ ನೇತುಹಾಕುತ್ತಿದ್ದ ಕಾಲದಲ್ಲಿ ಇಂಗ್ಲಿಷಿನವರು ಹ್ಯಾಂಗ್ ಅಪ್ ಎಂದರು, ಮೇಜಿನ ಮೇಲೆ ಕೆಳಗಿಡುತ್ತಿದ್ದುದರಿಂದ ನಾವು ಇಡುತ್ತೇನೆ ಎಂದೆವು. ಈಗ ನೇತುಹಾಕಲು ಕೊಕ್ಕೆಯೂ ಇಲ್ಲ, ಇಡಲು ಪೀಠವೂ ಇಲ್ಲ. ಆದರೂ ಅವಳು ಪ್ರತಿದಿನ ಸಂಜೆ ತನ್ನ ತಂಗಿಯೊಡನೆ ಮಾತನಾಡುವಾಗ, ಆರು ಗಂಟೆಗೆ “ಸರಿ ಕಣೆ, ಇಡ್ಲಾ?” ಎಂದು ಮೊದಲ ಸೂಚನೆ ಕೊಡುತ್ತಾಳೆ. ಆರೂಕಾಲಿಗೆ “ಹಾಗಾದ್ರೆ ಇಡ್ತೀನಿ” ಎನ್ನುತ್ತಾಳೆ. ಆರೂವರೆಗೆ “ಇಟ್ಟೆ ಹಾಗಾದ್ರೆ, ಹ್ಞಾಂ, ಅಂದಹಾಗೆ” ಎಂಬುದು ಕೇಳಿಸುತ್ತದೆ. ಆ ಅಂದಹಾಗೆ ಎಂಬುದಕ್ಕೆ ಸಮಾನವಾದ ಬಾಲ ಜಗತ್ತಿನ ಯಾವ ಭಾಷೆಯಲ್ಲಿಯೂ ಇರಲಾರದು.

ಅರ್ಧ ಅಂಕವನ್ನು ಹಿಂದಕ್ಕೆ ಪಡೆಯಲು ನಾನು ಉಪಾಧ್ಯಾಯಿನಿಗೆ ಒಂದು ಚೀಟಿ ಬರೆದುಕೊಡುವುದಾಗಿ ಹೇಳಿದೆ. ಮೊಮ್ಮಗಳು ತತ್‌ಕ್ಷಣವೇ ಬೇಡವೆಂದಳು. ನಾನು ಬರೆದ ಚೀಟಿ ಇನ್ನರ್ಧ ಅಂಕವನ್ನು ಕೊಂಡೊಯ್ದೀತೆಂಬ ಭಯ ಅವಳ ಮುಖದಲ್ಲಿ ಸ್ಪಷ್ಟವಾಗಿತ್ತು. ಉಪಾಧ್ಯಾಯಿನಿಯ ಕೆಂಪುಗೆರೆ ನ್ಯಾಯವಾದದ್ದೇ ಎಂದು ಒಪ್ಪಿಕೊಂಡು, ಆದರೂ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲವೆಂದು ತೋರಿಸುವುದಕ್ಕಾಗಿ, ಭಾನುವಾರ ಬೆಳಿಗ್ಗೆ ಅವಳನ್ನು ಗಡಿಯಾರದ ಕೆಳಗೆ ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿದೆ. ಅದೇ ಗಡಿಯಾರ, ಮುಖಬಿಲ್ಲೆ ಹಳದಿಯಾಗಿದೆ, ಆರರ ಅಂಕಿಯ ಕಾಲು ಅಳಿಸಿಹೋಗಿದೆ. ಅಣ್ಣ ಹೋದ ಮೇಲೆ ಅದಕ್ಕೆ ಕೀಲಿ ಕೊಡುವ ಕೆಲಸ ನನ್ನದು, ಅಪ್ಪಣೆ ಕೇಳುವುದಕ್ಕೆ ಮಾತ್ರ ಯಾರೂ ಇಲ್ಲ. ಎರಡು ರಂಧ್ರಗಳಲ್ಲಿ ಒಂದು ಮುಳ್ಳುಗಳಿಗೆ, ಇನ್ನೊಂದು ಗಂಟೆ ಹೊಡೆಯುವುದಕ್ಕೆ ಎಂದು ತಿಳಿಸಿ, ಮುಳ್ಳುಗಳ ಕೀಲಿಯನ್ನು ಅವಳ ಕೈಯಿಂದ ತಿರುಗಿಸಿದೆ. ಮೊದಲು ಸಡಿಲವಾಗಿ ತಿರುಗಿತು. ಬರಬರುತ್ತ ಒಳಗಿನ ಸ್ಪ್ರಿಂಗು ಬಿಗಿಯುತ್ತ, ಒಂದೊಂದು ಅರ್ಧಸುತ್ತಿಗೂ ಕಟಕಟ ಸದ್ದು ಗಟ್ಟಿಯಾಗುತ್ತ ಬಂತು. ಏಳು, ಎಂಟು ಎಂದು ಅವಳು ಎಣಿಸುತ್ತಿದ್ದಳು. ಹತ್ತಕ್ಕೆ ಕೈ ನಿಲ್ಲಿಸಿ, “ತಾತ, ತುಂಡಾಗ್ಬಿಟ್ರೆ?” ಎಂದಳು.

ಅವಳಿಗೆ ಆ ಎಣ್ಣೆ ಕಂಪನಿಯ ಕಥೆಯನ್ನು ನಾನು ಎಂದೂ ಹೇಳಿರಲಿಲ್ಲ.

“ಆಗೋದಿಲ್ಲ, ಇನ್ನೂ ನಾಲ್ಕು ಸುತ್ತು ಹಿಡಿಯುತ್ತೆ” ಎಂದೆ.